ಎಂಟನೆಯ ಸಾಲು

ಅವರ ಕೋಣೆಯ ಬಾಗಿಲಿಗೆ "ಮಾಧ್ಯಮ ತಯಾರಿಕಾ ಕೊಠಡಿ" ಎಂಬ ತಗಡಿನ ಬೋರ್ಡು ಹೊಡೆದಿತ್ತು. ಬರೆಸಿದವರನ್ನು ಬಿಟ್ಟರೆ ಇನ್ಯಾರ ಬಾಯಲ್ಲೂ ಆ ಹೆಸರನ್ನು ನಾನು ಕೇಳಿಲ್ಲ. ನಮಗೆಲ್ಲ ಅದು ಅಡುಗೆಮನೆ. ಅಲ್ಲಿ ಇಪ್ಪತ್ತಾರು ವರ್ಷ ನಿಂತು ಕೆಲಸ ಮಾಡಿದವರು ಅಡುಗೆ ಅಕ್ಕ. ಅವರು ಅಡುಗೆ ಮಾಡುತ್ತಿದ್ದುದು ಮನುಷ್ಯರಿಗಲ್ಲ, ಮನುಷ್ಯರ ಕರುಳಿನಲ್ಲಿ ವಾಸ ಮಾಡುವ ಬ್ಯಾಕ್ಟೀರಿಯಾಗಳಿಗೆ.

ನಮ್ಮ ಪ್ರಯೋಗಾಲಯದ ಕೆಲಸವನ್ನು ಹೊರಗಿನವರಿಗೆ ವಿವರಿಸುವುದು ಕಷ್ಟವಲ್ಲ, ವಿವರಿಸಿದ ಮೇಲೆ ಅವರ ಮುಖ ನೋಡುವುದು ಕಷ್ಟ. ಎಲ್ಲರ ಕರುಳಿನಲ್ಲೂ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳಿರುತ್ತವೆ. ಅವು ತಮ್ಮ ಪಾಡಿಗೆ ತಾವು ಬಗೆಬಗೆಯ ಪ್ರೋಟೀನುಗಳನ್ನು ತಯಾರಿಸುತ್ತವೆ. ಒಂದೊಂದು ಪ್ರೋಟೀನೂ ಒಂದೊಂದು ಕೆಲಸಕ್ಕೆ ಇಟ್ಟುಕೊಂಡ ಆಳು. ಒಂದು ನಾರನ್ನು ಕತ್ತರಿಸುತ್ತದೆ, ಇನ್ನೊಂದು ಕರುಳಿನ ಗೋಡೆಗೆ ಅಂಟಿಕೊಳ್ಳುತ್ತದೆ. ಇವುಗಳಲ್ಲಿ ಎಷ್ಟೋ ಆಳುಗಳ ಕೆಲಸವೇನೆಂದು ಇನ್ನೂ ಯಾರಿಗೂ ಗೊತ್ತಿಲ್ಲ. ಅದನ್ನು ಕಂಡುಹಿಡಿಯುವುದೇ ನಮ್ಮ ಹೊಟ್ಟೆಪಾಡು. ಅದಕ್ಕಾಗಿ ಸ್ವಯಂಸೇವಕರು ಬೆಳಿಗ್ಗೆ ಬೆಳಿಗ್ಗೆ ಮುಚ್ಚಳದ ಡಬ್ಬಿಯಲ್ಲಿ ತಂದುಕೊಟ್ಟು, ತಲೆ ತಗ್ಗಿಸಿಕೊಂಡು ಹೋಗುವ ವಸ್ತು ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಸೋದರತ್ತೆಯೊಬ್ಬರು ವಿಷಯ ತಿಳಿದ ದಿನದಿಂದ ನನ್ನ ಕೈಯಿಂದ ನೀರಿನ ಲೋಟ ತೆಗೆದುಕೊಳ್ಳುವುದನ್ನೇ ಬಿಟ್ಟರು.

ಈ ಬ್ಯಾಕ್ಟೀರಿಯಾಗಳಿಗೆ ಗಾಳಿ ತಾಗಿದರೆ ಸಾವು. ಆದ್ದರಿಂದ ಅವನ್ನು ಗಾಳಿ ತೆಗೆದ ಒಂದು ದೊಡ್ಡ ಗಾಜಿನ ಪೆಟ್ಟಿಗೆಯಲ್ಲಿ ಸಾಕುತ್ತೇವೆ. ಪೆಟ್ಟಿಗೆಗೆ ಹೊರಗಿನಿಂದಲೇ ಜೋಡಿಸಿದ ಉದ್ದನೆಯ ರಬ್ಬರಿನ ಗ್ಲೌಸುಗಳಿರುತ್ತವೆ. ಅವುಗಳೊಳಗೆ ಕೈ ತೂರಿಸಿ ಇಡೀ ದಿನ ಕೆಲಸ ಮಾಡಬೇಕು. ಮೂಗು ತುರಿಸಿದರೆ ತುರಿಸುತ್ತಲೇ ಇರಬೇಕು. ಇಷ್ಟೆಲ್ಲ ಉಪಚಾರ ಮಾಡಿದರೂ ಊಟ ಸರಿಯಿಲ್ಲದಿದ್ದರೆ ಅವು ಬೆಳೆಯುವುದಿಲ್ಲ. ಆ ಊಟವೆಂದರೆ ಚಹಾದ ಬಣ್ಣದ ಒಂದು ದ್ರವ, ಬೋರ್ಡಿನ ಮೇಲಿನ "ಮಾಧ್ಯಮ" ಎಂದರೆ ಇದೇ. ಅದನ್ನು ಬಾಟಲಿ ಬಾಟಲಿ ಮಾಡಿ ಕೊಡುವುದು ಅಡುಗೆ ಅಕ್ಕನ ಕೆಲಸ.

ಅಕ್ಕ ಇಲ್ಲಿಗೆ ಬಂದದ್ದು ಬಾಟಲಿ ತೊಳೆಯುವ ಕೆಲಸಕ್ಕೆ. ಆಗ ಅವರಿಗೆ ಮೂವತ್ತನಾಲ್ಕು ವರ್ಷ, ಹತ್ತನೇ ತರಗತಿಯವರೆಗಿನ ಓದು. ಆ ಕಾಲದ ದೊಡ್ಡ ಪ್ರೊಫೆಸರರು ಒಂದು ದಿನ ಬಂದು ನೋಡಿದಾಗ, ತೊಳೆದ ನೂರು ಬಾಟಲಿಗಳು ಒಂದೇ ಕಡೆಗೆ ಮುಖ ಮಾಡಿ ಸಾಲಾಗಿ ನಿಂತಿದ್ದವಂತೆ. "ಯಾಕಮ್ಮ ಹೀಗೆ?" ಎಂದು ಕೇಳಿದ್ದಕ್ಕೆ, "ಯಾವುದಾದ್ರೂ ಒಡೆದಿದ್ರೆ ಕಣ್ಣಿಗೆ ಬೀಳ್ಬೇಕಲ್ಲ ಸರ್" ಎಂದರಂತೆ. ಆ ವಾರವೇ ಅವರನ್ನು ಅಡುಗೆಮನೆಗೆ ಹಾಕಿದರು. ಹೋಗುವಾಗ ಪ್ರೊಫೆಸರರು ತಮ್ಮ ಕೈಬರಹದ ಒಂದು ಉದ್ದನೆಯ ಪುಸ್ತಕವನ್ನು ಕೊಟ್ಟು ಹೋದರು. ಅದರಲ್ಲಿ ಆ ದ್ರವವನ್ನು ಮಾಡುವ ವಿಧಾನ ಹನ್ನೊಂದು ಸಾಲುಗಳಲ್ಲಿತ್ತು.

ಎಂಟನೆಯ ಸಾಲನ್ನು ಮಾತ್ರ ಇಲ್ಲಿ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. "ಸಕ್ಕರೆಯನ್ನು ಬೇರೆ ನೀರಿನಲ್ಲಿ ಕರಗಿಸಿ, ಬೇರೆಯಾಗಿಯೇ ಕುದಿಸಿ, ಎರಡೂ ತಣಿದ ಮೇಲೆ ಸೇರಿಸುವುದು."

ಕುದಿಸುವುದೆಂದರೆ ಒಲೆಯ ಮೇಲಲ್ಲ. ಆಳೆತ್ತರದ ಒಂದು ಉಕ್ಕಿನ ಪಾತ್ರೆಯಲ್ಲಿ, ಒತ್ತಡದ ಹಬೆಯಲ್ಲಿ. ನಾವು ಅದಕ್ಕೆ ಆಟೋಕ್ಲೇವ್ ಎಂದರೆ ಅಕ್ಕ ಕುಕ್ಕರ್ ಎನ್ನುತ್ತಿದ್ದರು. ಒಂದು ಸಲ ಹತ್ತಿ ಇಳಿಯುವುದಕ್ಕೆ ಅದಕ್ಕೆ ಒಂದೂವರೆ ಗಂಟೆ ಬೇಕು. ಸಕ್ಕರೆಗೆ ಕಡಿಮೆ ಬಿಸಿ ಸಾಕಾದ್ದರಿಂದ ಅದಕ್ಕೆ ಇನ್ನೊಂದು ಸಲ ಹತ್ತಿಸಬೇಕು.

ಪ್ರತಿ ಸಲದ ಅಡುಗೆಗೂ ರಿಜಿಸ್ಟರಿನಲ್ಲಿ ಒಂದು ನಮೂದು. ತಾರೀಖು, ಬಾಟಲಿಗಳ ಸಂಖ್ಯೆ, ಅದರ ಮುಂದೆ ಅಕ್ಕನ ದುಂಡು ಅಕ್ಷರದಲ್ಲಿ "ಪುಸ್ತಕದಂತೆ ಮಾಡಿದ್ದು" ಎಂಬ ಎರಡು ಪದ, ಸಹಿ. ಆ ಎರಡು ಪದಗಳ ಮೇಲೆ ಅವರಿಗೆ ಎಷ್ಟು ಅಭಿಮಾನವಿತ್ತೆಂದರೆ, ನಮ್ಮಂಥ ಸಂಶೋಧಕರನ್ನು ಅವರು ಆಳೆಂದೂ ಎಣಿಸುತ್ತಿರಲಿಲ್ಲ. ಒಮ್ಮೆ ಅವರು ರಜೆಯಲ್ಲಿದ್ದಾಗ ನಾನೇ ದ್ರವ ಮಾಡಲು ಹೋಗಿ, ಉಪ್ಪನ್ನು ತೂಕ ಮಾಡದೆ ಕಣ್ಣಂದಾಜಿನಲ್ಲಿ ಹಾಕಿದ್ದೆ. ಮರುದಿನ ಅವರು ಬಂದು, ಉಳಿದ ಉಪ್ಪನ್ನು ತೂಗಿ ನೋಡಿ, ನಾಲ್ಕು ಲೀಟರು ದ್ರವವನ್ನೂ ನನ್ನ ಕಣ್ಣೆದುರೇ ಸಿಂಕಿಗೆ ಸುರಿದರು.

"ಮನೆಯವರಾದ್ರೆ ಉಪ್ಪು ಜಾಸ್ತಿ ಆಯ್ತು ಅಂತ ಬೈತಾರೆ ಕಣಮ್ಮ," ಎಂದರು. "ಇವು ಬಾಯಿ ಬಿಡಲ್ಲ. ಸುಮ್ನೆ ಸಾಯ್ತವೆ."

ನನಗೆ ಕೋಪ ಬಂತು. ನನಗೆ ಕೋಪ ಬೇಗ ಬರುತ್ತದೆ, ಅದೂ ತಪ್ಪು ನನ್ನದೇ ಆಗಿದ್ದರೆ ಇನ್ನೂ ಬೇಗ. ಮೂರು ದಿನ ಮಾತು ಬಿಟ್ಟೆ. ನಾಲ್ಕನೆಯ ದಿನ ಅವರೇ ನನ್ನ ಬಾಟಲಿಗಳನ್ನು ತಂದಿಟ್ಟು, "ತಗೋ, ಕೆಂಪು ಹೋಗಿದೆ" ಎಂದರು. ದ್ರವದಲ್ಲಿ ಗಾಳಿ ಉಳಿದಿದ್ದರೆ ಗುಲಾಬಿ ಬಣ್ಣ ತೋರಿಸುವ ಒಂದು ಪುಡಿ ಹಾಕಿರುತ್ತೇವೆ. ಅದು ಪೂರಾ ಹೋಗುವವರೆಗೆ ಅವರು ಯಾರಿಗೂ ಬಡಿಸುತ್ತಿರಲಿಲ್ಲ. ಅಕ್ಕನ ಬಾಟಲಿಯಲ್ಲಿ ಬೆಳೆಯದ ಬ್ಯಾಕ್ಟೀರಿಯಾ ಇಲ್ಲವೆಂದು ಪಕ್ಕದ ಕಟ್ಟಡದವರೂ ಬಂದು ಕಡ ಕೇಳುತ್ತಿದ್ದರು. ಎಲ್ಲರೂ ಅಕ್ಕನ ಕೈಗುಣ ಎನ್ನುತ್ತಿದ್ದರು. ಅವರು ಮಾತ್ರ ಕಡ್ಡಿ ಮುರಿದ ಹಾಗೆ, "ಕೈಗುಣಾನೂ ಇಲ್ಲ, ಕಾಲ್ಗುಣಾನೂ ಇಲ್ಲ. ಪುಸ್ತಕ" ಎಂದುಬಿಡುತ್ತಿದ್ದರು.

ಈಗ ನನ್ನ ಕಥೆ. ಸಂಶೋಧನೆಗೆ ಸೇರಿದ ಮೊದಲ ವರ್ಷದಲ್ಲಿ ನನಗೊಂದು ಗೆರೆ ಸಿಕ್ಕಿತು. ಬ್ಯಾಕ್ಟೀರಿಯಾದ ಪ್ರೋಟೀನುಗಳನ್ನೆಲ್ಲ ಜೆಲ್ಲಿಯಂಥ ಒಂದು ಹಾಳೆಯ ಮೇಲೆ ಓಡಿಸಿ ಬಣ್ಣ ಹಾಕಿದರೆ, ಅವು ನೀಲಿ ಗೆರೆಗಳಾಗಿ ಕಾಣುತ್ತವೆ. ಸಾಮಾನ್ಯ ಗೆರೆಗಳೆಲ್ಲ ನಮಗೆ ಮುಖಪರಿಚಯದವು. ಒಂದು ಬ್ಯಾಕ್ಟೀರಿಯಾದಲ್ಲಿ ಮಾತ್ರ, ಹಾಳೆಯ ಮಧ್ಯಕ್ಕಿಂತ ತುಸು ಕೆಳಗೆ, ದಪ್ಪನೆಯ ಒಂದು ಹೊಸ ಗೆರೆಯಿತ್ತು. ಅದರ ಕೆಲಸ ಏನೆಂದು ಯಾವ ಪಟ್ಟಿಯಲ್ಲೂ ಇರಲಿಲ್ಲ. ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ, "ಇದು ಏನು ಮಾಡುತ್ತೆ ಅಂತ ಕಂಡುಹಿಡಿ. ಅದೇ ನಿನ್ನ ಪಿಎಚ್‌ಡಿ" ಎಂದರು.

ಮೂರು ವರ್ಷ ಕಂಡುಹಿಡಿದೆ, ಅಂದರೆ ಕಂಡುಹಿಡಿಯಲಿಲ್ಲ. ಆ ಪ್ರೋಟೀನಿನ ಮುಂದೆ ಕಾಳಿನ ನಾರಿಟ್ಟೆ, ಹಣ್ಣಿನ ಸಿಪ್ಪೆಯಿಟ್ಟೆ, ಕೊಬ್ಬು ಇಟ್ಟೆ, ಕರುಳಿನ ಲೋಳೆಯಿಟ್ಟೆ. ಅದು ಒಂದನ್ನೂ ಮುಟ್ಟಲಿಲ್ಲ. ಇಷ್ಟು ದಪ್ಪ ಗೆರೆ, ಇಷ್ಟೊಂದು ತಯಾರಾಗುವ ಆಳು, ಆದರೆ ಮಾಡುವ ಕೆಲಸವೇ ಇಲ್ಲ. ಅದನ್ನು ನಾನು ನಿರುದ್ಯೋಗಿ ಎಂದು ಕರೆಯತೊಡಗಿದೆ. ಅಕ್ಕ ಕೂಡ ಬಾಟಲಿ ಕೊಡುವಾಗ, "ನಿನ್ನ ನಿರುದ್ಯೋಗಿಗೆ ಕೆಲ್ಸ ಸಿಕ್ತಾ?" ಎಂದು ಕೇಳುತ್ತಿದ್ದರು. ಅವರು ಕೇಳಿದರೆ ಬೇಜಾರಾಗುತ್ತಿರಲಿಲ್ಲ. ಅಪ್ಪ ಫೋನಿನಲ್ಲಿ ಅದನ್ನೇ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಅಷ್ಟರಲ್ಲಿ ಅಕ್ಕನ ನಿವೃತ್ತಿಯ ತಿಂಗಳು ಬಂತು. ಬೀಳ್ಕೊಡುಗೆಗೆ ಒಂದು ಹಿತ್ತಾಳೆಯ ಫಲಕ ಮಾಡಿಸುವ ಜವಾಬ್ದಾರಿಯನ್ನು ನಾನೇ ಹೊತ್ತುಕೊಂಡೆ. ಏನು ಕೆತ್ತಿಸಬೇಕೆಂದು ಯೋಚಿಸಬೇಕಾಗಿಯೇ ಇರಲಿಲ್ಲ. "ಇಪ್ಪತ್ತಾರು ವರ್ಷ, ಪುಸ್ತಕದಂತೆ." ಅಕ್ಕನಿಗೆ ತೋರಿಸಬಾರದಿತ್ತು, ತಡೆಯಲಾರದೆ ತೋರಿಸಿದೆ. ಅವರು ಏಪ್ರನ್ನಿನ ತುದಿಯಿಂದ ಆ ಅಕ್ಷರಗಳನ್ನು ಒಮ್ಮೆ ಒರೆಸಿದರು.

ಅವರ ಜಾಗಕ್ಕೆ ನೀರು ಪರೀಕ್ಷೆಯ ವಿಭಾಗದಿಂದ ಒಬ್ಬರನ್ನು ವರ್ಗ ಮಾಡಿದರು. ನಲವತ್ತೈದರ ಆಸುಪಾಸಿನ ಮನುಷ್ಯ, ಮಿತಭಾಷಿ. ಆಡುವ ಮಿತವಾದ ಮಾತೂ "ಪುಸ್ತಕದಲ್ಲಿ ಏನಿದೆ?" ಎಂಬ ಪ್ರಶ್ನೆಯೇ. ಎರಡೇ ದಿನದಲ್ಲಿ ಅವರು ಪುಸ್ತಕದಣ್ಣ ಆದರು. ಒಂದೊಂದು ಸಾಲನ್ನೂ ಮನಸ್ಸಿನಲ್ಲೇ ಓದಿಕೊಂಡು, ಅದನ್ನು ಮಾಡಿ, ಪೆನ್ಸಿಲಿನಲ್ಲಿ ಗುರುತು ಹಾಕಿ, ಮುಂದಿನ ಸಾಲಿಗೆ ಹೋಗುತ್ತಿದ್ದರು. ತನಗಿಂತ ಶಿಸ್ತಿನವರೊಬ್ಬರು ಸಿಕ್ಕಿದ್ದು ಅಕ್ಕನಿಗೆ ಸಮಾಧಾನ. "ಇವರ ಕೈಗೆ ಕೊಟ್ಟು ಹೋದ್ರೆ ನಿದ್ದೆ ಬರುತ್ತೆ" ಎಂದು ಒಂಟಿಯಾಗಿ ಅಡುಗೆ ಮಾಡಲು ಬಿಟ್ಟರು.

ಪುಸ್ತಕದಣ್ಣನ ಮೊದಲ ಬಾಟಲಿಗಳಲ್ಲಿ ನನ್ನ ಬ್ಯಾಕ್ಟೀರಿಯಾ ಚೆನ್ನಾಗಿಯೇ ಬೆಳೆಯಿತು. ಆದರೆ ಹಾಳೆಯ ಮೇಲೆ ಓಡಿಸಿದಾಗ ನನ್ನ ಗೆರೆ ಇರಲಿಲ್ಲ. ಉಳಿದೆಲ್ಲ ಗೆರೆಗಳೂ ತಮ್ಮ ತಮ್ಮ ಜಾಗದಲ್ಲಿದ್ದವು, ಮಧ್ಯಕ್ಕಿಂತ ತುಸು ಕೆಳಗಿನ ಆ ಜಾಗ ಮಾತ್ರ ಖಾಲಿ. ನನ್ನದೇ ತಪ್ಪಿರಬಹುದೆಂದು ಇನ್ನೊಮ್ಮೆ ಮಾಡಿದೆ. ಮತ್ತೊಮ್ಮೆ ಮಾಡಿದೆ. ಮೂರು ಸಲವೂ ಖಾಲಿ. ದ್ರವವನ್ನು ಎರಡು ವಾರಕ್ಕಿಂತ ಹೆಚ್ಚು ಇಡುವ ಹಾಗಿಲ್ಲವಾದ್ದರಿಂದ ಅಕ್ಕನ ಕೈಯ ಹಳೆಯ ಬಾಟಲಿ ಒಂದೂ ಉಳಿದಿರಲಿಲ್ಲ.

ಆಗ ನಾನು ಮಾಡಿದ್ದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ನೇರ ಅಡುಗೆಮನೆಗೆ ಹೋಗಿ, ಪುಸ್ತಕದಣ್ಣ ಅಲ್ಲೇ ನಿಂತಿರುವಾಗಲೇ ಅಕ್ಕನನ್ನು ಕೇಳಿದೆ.

"ಅಕ್ಕ, ಇವರಿಗೆ ಏನಾದ್ರೂ ಹೇಳಿಕೊಡದೆ ನಿಮ್ಮ ಹತ್ರಾನೇ ಇಟ್ಕೊಂಡಿದ್ದೀರಾ?"

ಅಕ್ಕ ತೂಕದ ಯಂತ್ರವನ್ನು ಆರಿಸಿದರು. ನನ್ನ ಕಡೆ ನೋಡಲಿಲ್ಲ.

"ಇಪ್ಪತ್ತಾರು ವರ್ಷದಲ್ಲಿ ನನ್ನನ್ನ ಯಾರೂ ಹೀಗೆ ಕೇಳಿರಲಿಲ್ಲ," ಎಂದರು. "ನಾಳೆ ಬಾ. ನಾನೂ ಮಾಡ್ತೀನಿ, ಅವರೂ ಮಾಡ್ತಾರೆ. ಪಕ್ಕದಲ್ಲಿ ನಿಂತು ಕಣ್ಣಲ್ಲಿ ಕಣ್ಣಿಟ್ಟು ನೋಡು."

ಮರುದಿನ ನೋಡಿದೆ. ಒಂದೇ ಮೇಜಿನ ಎರಡು ತುದಿಗಳಲ್ಲಿ ಇಬ್ಬರೂ ನಿಂತರು. ಪುಸ್ತಕದಣ್ಣ ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿದರು, ಇಬ್ಬರೂ ಮಾಡಿದರು. ಅಕ್ಕನ ಕೈ ಎಷ್ಟು ಪಳಗಿತ್ತೆಂದರೆ ಅವರು ಯಾವಾಗಲೂ ಅರ್ಧ ಸಾಲು ಮುಂದೆ ಇರುತ್ತಿದ್ದರು. ಎಂಟನೆಯ ಸಾಲಿನ ಹೊತ್ತಿಗೆ ಅವರು ಸಕ್ಕರೆಯ ಬಟ್ಟಲನ್ನು ಎತ್ತಿಕೊಂಡಾಗಿತ್ತು. ಪುಸ್ತಕದಣ್ಣ ಓದಿದರು: "ಸಕ್ಕರೆಯನ್ನು ಬೇರೆ ನೀರಿನಲ್ಲಿ ಕರಗಿಸಿ, ಬೇರೆಯಾಗಿಯೇ ಕುದಿಸಿ..." ಅಕ್ಕನ ಕೈ ದೊಡ್ಡ ಪಾತ್ರೆಯ ಮೇಲೆ ಹಾಗೇ ನಿಂತಿತು. ಆಯಾಸವಾಗಿರಬೇಕು ಅಂದುಕೊಂಡೆ. ಅವರು ಬಟ್ಟಲನ್ನು ಕೆಳಗಿಟ್ಟು, ಕಪಾಟಿನಿಂದ ಇನ್ನೊಂದು ಬಾಟಲಿ ತೆಗೆದು, ಸಕ್ಕರೆಯನ್ನು ಬೇರೆಯಾಗಿ ಕರಗಿಸಿದರು. ಕುಕ್ಕರ್ ಎರಡು ಸಲ ಹತ್ತಿ ಇಳಿಯಿತು. ಅವರು ಮನೆಗೆ ಹೊರಟಾಗ ಆರೂವರೆ.

ಮೂರನೆಯ ದಿನ ಫಲಿತಾಂಶ ಬಂತು. ಪುಸ್ತಕದಣ್ಣನ ಬಾಟಲಿಯಲ್ಲಿ ಗೆರೆಯಿಲ್ಲ. ಅಕ್ಕನ ಬಾಟಲಿಯಲ್ಲೂ ಇಲ್ಲ.

ಮೇಡಂ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಬ್ಯಾಕ್ಟೀರಿಯಾ ಆ ಗುಣವನ್ನು ಕಳೆದುಕೊಂಡಿರಬಹುದು, ಅಥವಾ ಮೂರು ವರ್ಷ ನಾವು ನೋಡಿದ್ದು ಯಾವುದೋ ಕೊಳೆಯೇ ಇರಬಹುದು ಎಂದರು. "ಇನ್ನು ಹತ್ತು ದಿನ ನೋಡು. ಆಮೇಲೆ ಬೇರೆ ವಿಷಯ ತಗೋ." ಬೇರೆ ವಿಷಯವೆಂದರೆ ಮೊದಲಿನಿಂದ ಶುರು. ಮೂರು ವರ್ಷ ನೀರಿನಲ್ಲಿ ಹೋಮ. ನಾನು ಮೆಟ್ಟಿಲ ಮೇಲೆ ಕುಳಿತು ಅತ್ತೆ. ಅಕ್ಕ ಅದೇ ಮೆಟ್ಟಿಲು ಇಳಿದು ಮನೆಗೆ ಹೋದರು. ಪಕ್ಕದಲ್ಲಿ ಒಂದು ಗಳಿಗೆ ನಿಂತರು, ಏನೋ ಹೇಳಲು ಹೊರಟವರು ಹೇಳದೆ ಹೋದರು. ಹೋಗುವವರಿಗೆ ಇನ್ನೇನು ಚಿಂತೆ ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡೆ.

ಅವರಿಗೆ ಆಗಲೇ ಗೊತ್ತಿತ್ತು. ಓದುವ ನಿಮಗೆ ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಎಂಟನೆಯ ಸಾಲನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ ಆ ಕ್ಷಣದಲ್ಲಿ, ತಾನು ಏಳು ವರ್ಷಗಳಿಂದ ಸಕ್ಕರೆಯನ್ನು ಬೇರೆಯಾಗಿ ಕುದಿಸಿಯೇ ಇಲ್ಲವೆಂಬುದು ಅವರಿಗೆ ನೆನಪಾಗಿತ್ತು. ನಾನು ಪಕ್ಕದಲ್ಲಿ ನಿಂತಿದ್ದೆನೆಂದು, ಏಳು ವರ್ಷಗಳ ಮೇಲೆ ಮೊದಲ ಸಲ ಪುಸ್ತಕದಂತೆ ಮಾಡಿದರು. ಈಗ ಬಾಯಿ ಬಿಟ್ಟರೆ ಇಪ್ಪತ್ತಾರು ವರ್ಷದ ಹೆಸರು ಹೋಗುತ್ತದೆ, ಸುಳ್ಳು ಬರೆದವಳೆಂದು ಆ ಮೆಟ್ಟಿಲು ಇಳಿಯಬೇಕಾಗುತ್ತದೆ. ಬಾಯಿ ಬಿಡದಿದ್ದರೆ ಹಿತ್ತಾಳೆಯ ಫಲಕ ಹಿಡಿದುಕೊಂಡು ಹೋಗಬಹುದು. ಹೋಗುವುದು ನನ್ನ ಮೂರು ವರ್ಷ ಮಾತ್ರ. ಯಾರಿಗೂ ಎಂದೂ ತಿಳಿಯುತ್ತಿರಲಿಲ್ಲ.

ಇನ್ನೂ ಎರಡು ದಿನ ಅವರು ಸುಮ್ಮನಿದ್ದರು. ಆ ಎರಡು ದಿನ ಮನೆಯಲ್ಲಿ ಊಟ ಸೇರಲಿಲ್ಲವೆಂದು ಆಮೇಲೆ ಹೇಳಿದರು. ಮೂರನೆಯ ದಿನ ಮಧ್ಯಾಹ್ನ ನನ್ನ ಮೇಜಿನ ಹತ್ತಿರ ಬಂದು ಎರಡು ಬಾಟಲಿ ಇಟ್ಟರು. ಒಂದರ ಮೇಲೆ ಒಂದು ಚುಕ್ಕೆ, ಇನ್ನೊಂದರ ಮೇಲೆ ಎರಡು.

"ಎರಡೂ ನಾನೇ ಮಾಡಿದ್ದು," ಎಂದರು. "ಬೆಳೆಸಿ ನೋಡು. ಆಮೇಲೆ ಮಾತಾಡೋಣ."

ಅಕ್ಕಪಕ್ಕ ಇಟ್ಟಾಗ ಎರಡು ಚುಕ್ಕೆಯದರ ಬಣ್ಣ ತುಸು ಗಾಢವಾಗಿತ್ತು, ಚಹಾಕ್ಕೆ ಹಾಲು ಕಡಿಮೆಯಾದ ಹಾಗೆ. ಆ ಗಾಢ ಬಣ್ಣವೇ ನನಗೆ ಮೂರು ವರ್ಷದಿಂದ ಪರಿಚಯವಿದ್ದದ್ದು. ಪುಸ್ತಕದಣ್ಣನ ಬಾಟಲಿಗಳು ತೆಳುವಾಗಿವೆಯೆಂದು ಕಂಡಿದ್ದರೂ, ಹೊಸಬರ ಕೈ ಎಂದು ಮುಂದೆ ಯೋಚಿಸಿರಲಿಲ್ಲ. ದೊಡ್ಡ ಸಂಶೋಧಕಿ ನಾನು, ಕಣ್ಣಿದ್ದೂ ಕುರುಡಿ.

ಎರಡು ಚುಕ್ಕೆಯ ಬಾಟಲಿಯಲ್ಲಿ ಗೆರೆ ಬಂತು. ದಪ್ಪಗೆ, ನೀಲಿಯಾಗಿ, ತನ್ನ ಜಾಗದಲ್ಲೇ.

ಹಾಳೆಯನ್ನು ಹಿಡಿದುಕೊಂಡು ಅಡುಗೆಮನೆಗೆ ಓಡಿದೆ. ಪುಸ್ತಕದಣ್ಣ ಊಟಕ್ಕೆ ಹೋಗಿದ್ದರು. ಅಕ್ಕ ಸ್ಟೂಲಿನ ಮೇಲೆ ಕುಳಿತಿದ್ದರು. ಅವರು ಆ ಕೋಣೆಯಲ್ಲಿ ಕುಳಿತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಮ್ಮತ್ತೆ ಬಿದ್ದು ಸೊಂಟ ಮುರ್ಕೊಂಡ್ರಲ್ಲ, ಆವಾಗಿನ ಮಾತು," ಎಂದು ಶುರು ಮಾಡಿದರು. "ನಾಲ್ಕೂವರೆಗೆ ಅವರಿಗೆ ಏನಾದ್ರೂ ತಿನ್ಸಬೇಕಿತ್ತು. ನಮ್ಮ ಯಜಮಾನ್ರು ಬರೋದು ಏಳು ಗಂಟೆ. ಬೇರೆಯವರ ಕೈಯಲ್ಲಿ ಅವರು ತಿಂತಿರಲಿಲ್ಲ, ನನ್ನ ಕೈಯೇ ಆಗ್ಬೇಕು. ಆಯುಷ್ಯವೆಲ್ಲ ನನ್ನ ಅಡುಗೆಗೆ ಮೂಗು ಮುರಿದವರು. ಕೊನೆಗೆ ನನ್ನ ಕೈಯೇ ಬೇಕಾಯ್ತು ನೋಡು. ಕುಕ್ಕರ್ ಎರಡು ಸಲ ಹಾಕ್ತಾ ಕೂತ್ರೆ ಮನೆ ಸೇರೋದು ಆರಕ್ಕೆ. ಒಂದು ದಿನ ಸಕ್ಕರೆ ಜೊತೆಗೇ ಹಾಕ್ಬಿಟ್ಟೆ. ಒಂದೇ ದಿನ ಅಂದ್ಕೊಂಡೆ. ಮರುದಿನ ನೋಡಿದ್ರೆ ಎಲ್ಲಾ ಚೆನ್ನಾಗೇ ಬೆಳೆದಿದ್ವು. ಯಾರೂ ಏನೂ ಅನ್ನಲಿಲ್ಲ."

"ಆಮೇಲೆ?"

"ಮೂರು ವರ್ಷ ಇದ್ರು. ನಾಲ್ಕು ವರ್ಷದ ಹಿಂದೆ ಹೋದ್ರು. ಅವರು ಹೋದ ಮೇಲೆ ನಾನು ಸರಿ ಮಾಡ್ಕೋಬೇಕಿತ್ತು. ಅಷ್ಟು ಹೊತ್ತಿಗೆ ಕೈಗೆ ಅದೇ ಅಭ್ಯಾಸ ಆಗ್ಬಿಟ್ಟಿತ್ತು. ಸತ್ಯವಾಗ್ಲೂ ಮರೆತಿದ್ದೆ ಕಣಮ್ಮ. ಪುಸ್ತಕದಂತೆ ಅಂತ ಬರೆಯೋವಾಗ, ಪುಸ್ತಕದಂತೇನೇ ಮಾಡಿದೀನಿ ಅಂದ್ಕೊಂಡೇ ಬರೀತಿದ್ದೆ."

ನನಗೆ ಮೊದಲು ಬಂದದ್ದು ಕೋಪ. ಈ ಏಳು ವರ್ಷಗಳಲ್ಲಿ ಇಬ್ಬರು ಪಿಎಚ್‌ಡಿ ಮುಗಿಸಿ ಹೋಗಿದ್ದರು. ಇಬ್ಬರ ಪ್ರಬಂಧದಲ್ಲೂ ಸಕ್ಕರೆ ಬೇರೆಯಾಗಿ ಕುದಿಸಿದ್ದು ಎಂದೇ ಬರೆದಿತ್ತು. ಕೋಪದ ಹಿಂದೆಯೇ ಸಂತೋಷ ನುಗ್ಗಿತು, ಅದನ್ನು ತಡೆಯಲು ಆಗಲಿಲ್ಲ. ಮೂರು ವರ್ಷ ನಾನು ಕೇಳಿದ ಪ್ರಶ್ನೆಗೆ ಉತ್ತರ ಆ ಎರಡು ಚುಕ್ಕೆಯ ಬಾಟಲಿಯಲ್ಲಿತ್ತು. ಸಕ್ಕರೆಯನ್ನೂ ಆ ದ್ರವದಲ್ಲಿರುವ ಪ್ರೋಟೀನಿನ ತುಣುಕುಗಳನ್ನೂ ಒಟ್ಟಿಗೆ ಬಿಸಿ ಮಾಡಿದರೆ, ಅವು ಒಂದಕ್ಕೊಂದು ಅಂಟಿಕೊಂಡು ಕಂದು ಬಣ್ಣಕ್ಕೆ ತಿರುಗುತ್ತವೆ. ಬ್ರೆಡ್ಡು ಕಾಯಿಸಿದಾಗ ಆಗುವುದೂ ಅದೇ. ಆ ಕಂದು ಅಂಶವನ್ನು ಮುಂದಿಟ್ಟರೆ ಮಾತ್ರ ನನ್ನ ಬ್ಯಾಕ್ಟೀರಿಯಾ ಆ ಆಳನ್ನು ಕರೆಯುತ್ತಿತ್ತು. ಬೇರೆ ಸಮಯದಲ್ಲಿ ಅದಕ್ಕೆ ಆಳೇ ಬೇಕಿರಲಿಲ್ಲ. ನಿರುದ್ಯೋಗಿಗೆ ಕೆಲಸ ಇದ್ದೇ ಇತ್ತು, ನಾನು ಸರಿಯಾದ ತಟ್ಟೆ ಇಟ್ಟಿರಲಿಲ್ಲ ಅಷ್ಟೆ.

ಕೂಡಲೇ ಒಂದು ಉಪಾಯ ಹೊಳೆಯಿತು. ಆ ಹೊತ್ತಿಗೆ ಅದು ದೊಡ್ಡ ಉಪಕಾರವೆಂದೇ ನಂಬಿದ್ದೆ.

"ಅಕ್ಕ, ಯಾರಿಗೂ ಹೇಳೋದು ಬೇಡ. ಗೆರೆ ಯಾಕೆ ಹೋಯ್ತು ಅಂತ ನೋಡೋಕೆ ನಾನೇ ಬೇರೆ ಬೇರೆ ಥರ ಮಾಡಿದೆ, ಸಕ್ಕರೆ ಜೊತೆಗೆ ಹಾಕಿದಾಗ ಸಿಕ್ತು ಅಂತ ಬರೀತೀನಿ. ನಿಮ್ಮ ಹೆಸರು ಬರೋದೇ ಇಲ್ಲ."

ಅಕ್ಕ ಮೇಜಿನ ಮೇಲೆ ಬಿದ್ದಿದ್ದ ಸಕ್ಕರೆಯ ನಾಲ್ಕು ಕಾಳುಗಳನ್ನು ಬೆರಳಿನಿಂದ ಒತ್ತಿ ತೆಗೆದರು.

"ನಿನಗೂ ಒಳ್ಳೇದು, ನನಗೂ ಒಳ್ಳೇದು," ಎಂದರು. "ಆ ಇಬ್ರು ಬರೆದಿಟ್ಟು ಹೋದ್ರಲ್ಲ, ಅದು? ನಾಳೆ ಯಾರೋ ಅದನ್ನ ಓದಿ ಮಾಡಿ ನೋಡ್ತಾರೆ, ಆಗಲ್ಲ. ನಿನ್ನ ಹಾಗೆ ಮೆಟ್ಟಿಲ ಮೇಲೆ ಕೂತ್ಕೊಂಡು ಅಳ್ತಾರೆ. ಎದ್ದೇಳು, ಮೇಡಂ ಹತ್ರ ಹೋಗೋಣ."

"ಅಕ್ಕ, ನಿಮ್ಮ ನಿವೃತ್ತಿಗೆ ಇನ್ನು ಹತ್ತು ದಿನ ಇದೆ ಅಷ್ಟೆ."

"ಅದಕ್ಕೇ ಹೇಳ್ತಿರೋದು. ಹತ್ತೇ ದಿನ ಇರೋದು."

ಮೇಡಂ ಪೂರ್ತಿ ಕೇಳಿಸಿಕೊಂಡರು. ಕೂಗಾಡಲಿಲ್ಲ. ಅವರು ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಕೊನೆಗೆ, "ಅವರಿಬ್ಬರಿಗೂ ನಾನು ಬರೀತೀನಿ. ಪ್ರಬಂಧಗಳಿಗೆ ತಿದ್ದುಪಡಿ ಹೋಗಬೇಕು" ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ, "ರಿಜಿಸ್ಟರನ್ನ ಬರೆದವರೇ ತಿದ್ದಬೇಕು" ಎಂದರು. ಅಕ್ಕ, "ಹೌದು ಮೇಡಂ" ಎಂದರು.

ಏಳು ವರ್ಷಕ್ಕೆ ಆರುನೂರ ತೊಂಬತ್ತೆಂಟು ನಮೂದುಗಳು. ಅಕ್ಕ ಉಳಿದ ದಿನಗಳೆಲ್ಲ ಅಡುಗೆಮನೆಯ ಮೂಲೆಯ ಮೇಜಿನಲ್ಲಿ ಕುಳಿತು ಒಂದೊಂದನ್ನೇ ತಿದ್ದಿದರು. "ಪುಸ್ತಕದಂತೆ" ಎಂಬುದರ ಮೇಲೆ, ಕೆಳಗಿನ ಅಕ್ಷರ ಕಾಣುವ ಹಾಗೆ ಒಂದೇ ಅಡ್ಡಗೆರೆ. ಪಕ್ಕದಲ್ಲಿ "ಸಕ್ಕರೆ ಜೊತೆಗೇ ಹಾಕಿ" ಎಂಬ ಬರಹ, ಸಹಿ, ತಾರೀಖು. ಕಾರಿಡಾರಿನಲ್ಲಿ ಗುಸುಗುಸು ನಡೆದೇ ಇತ್ತು. ದಿನಾ ಬಾಟಲಿ ಕಡ ಕೇಳುತ್ತಿದ್ದ ಪಕ್ಕದ ಕಟ್ಟಡದವರೊಬ್ಬರು ಬಾಗಿಲಲ್ಲಿ ಇಣುಕಿ, "ಇನ್ನೂ ಎಷ್ಟು ಪುಟ ಇದೆ?" ಎಂದು ನಕ್ಕು ಹೋದರು. ಪಿಎಚ್‌ಡಿ ಮುಗಿಸಿ ಹೋಗಿದ್ದ ಇಬ್ಬರಲ್ಲಿ ಒಬ್ಬರು ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಅಂದರು. ಅಕ್ಕ ಫೋನನ್ನು ಕಿವಿಯಿಂದ ದೂರ ಕೂಡ ಹಿಡಿಯಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು, "ತಪ್ಪಾಯ್ತಪ್ಪ" ಎಂದು ಇಟ್ಟರು.

ಪುಸ್ತಕದಣ್ಣ ಏನು ಅನ್ನುತ್ತಾರೋ ಎಂದು ನನಗೆ ಹೆದರಿಕೆಯಿತ್ತು. ಚಾಚೂ ತಪ್ಪದ ಮನುಷ್ಯ. ಅವರು ಎರಡನೆಯ ದಿನ ತಮ್ಮ ಸ್ಟೂಲನ್ನು ಅಕ್ಕನ ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಕುಕ್ಕರ್ ಹತ್ತುವ ಒಂದೂವರೆ ಗಂಟೆ, ಮತ್ತೆ ಎರಡನೆಯ ಸಲದ ಒಂದೂವರೆ ಗಂಟೆ, ಅವರಿಗೆ ಪುಟ ತಿರುವಿಕೊಡುತ್ತ ಕುಳಿತರು. ಶಾಯಿ ಒಣಗಿದ ಮೇಲೆಯೇ ತಿರುವುತ್ತಿದ್ದರು.

ಬೀಳ್ಕೊಡುಗೆಯ ದಿನ ಕುರ್ಚಿಗಳು ಅರ್ಧಕ್ಕರ್ಧ ಖಾಲಿಯಿದ್ದವು. ಮೇಡಂ ಚುಟುಕಾಗಿ ಮಾತಾಡಿದರು. ಅವರ ಭಾಷಣದಲ್ಲಿ ಹೊಗಳಿಕೆ ಒಂದೇ ವಾಕ್ಯ. "ನನಗೆ ಗೊತ್ತಾಗಲು ಸಾಧ್ಯವೇ ಇಲ್ಲದಿದ್ದ ತಪ್ಪನ್ನ ಇವರು ನನಗೆ ಹೇಳಿದ್ರು." ಆ ಮೇಲೆ ಫಲಕ ಕೊಡುವ ಸರದಿ ನನ್ನದು. ಬದಲಾಯಿಸಲು ಸಮಯವಿರಲಿಲ್ಲ, ಕೊಡದೆ ಇರಲು ಮನಸ್ಸು ಬರಲಿಲ್ಲ. ಕಾಗದ ಸುತ್ತಿಯೇ ಅವರ ಕೈಗಿಟ್ಟೆ, ಮನೆಯಲ್ಲಿ ಬಿಚ್ಚಿಕೊಳ್ಳಲಿ ಎಂದು. ಅಕ್ಕ ಅಲ್ಲೇ ಬಿಚ್ಚಿ, ಓದಿ, ನನ್ನ ಕೈಗೇ ವಾಪಸು ಕೊಟ್ಟರು.

"ಇಪ್ಪತ್ತಾರಲ್ಲ, ಹತ್ತೊಂಬತ್ತು," ಎಂದರು. "ತಿದ್ದಿಸಿ ಕೊಡು. ತಗೋತೀನಿ."

ಅದೇ ಸಂಜೆ ಅವರು ಏಪ್ರನ್ನು ಮಡಿಸಿಡುವಾಗ ಮೇಡಂ ಅಡ್ಡಬಂದು ಹಳೆಯ ಪುಸ್ತಕವನ್ನು ಅವರ ಮುಂದಿಟ್ಟರು. ಹನ್ನೊಂದು ಸಾಲಿನ ಪುಟದ ಎದುರಿನ ಪುಟ ಖಾಲಿಯಿತ್ತು. "ಎರಡನೇ ವಿಧಾನ ಬರೀರಿ. ಇವಳ ಕೆಲಸಕ್ಕೆ ಇನ್ಮೇಲೆ ಇದೇ ಬೇಕು." ಅಕ್ಕ ಹಿಂಜರಿದರು. ತಪ್ಪನ್ನು ಪುಸ್ತಕದಲ್ಲಿ ಬರೆಯುವುದು ಹೇಗೆ ಎಂದು ಕೇಳಿದರು. "ಮಾಡಿದ ಹಾಗೇ ಬರೆದ್ರೆ ಅದು ತಪ್ಪಲ್ಲ" ಎಂದರು ಮೇಡಂ. ಅಕ್ಕ ಏಳು ಸಾಲನ್ನು ಇದ್ದ ಹಾಗೆ ಇಳಿಸಿ, ಎಂಟನೆಯದಕ್ಕೆ ಬಂದು, "ಸಕ್ಕರೆಯನ್ನು ಜೊತೆಗೇ ಹಾಕಿ, ಒಂದೇ ಸಲ ಕುದಿಸುವುದು" ಎಂದು ದುಂಡಗೆ ಬರೆದರು. ಪುಸ್ತಕದಣ್ಣ ಅದನ್ನು ಗಟ್ಟಿಯಾಗಿ ಓದಿ ನೋಡಿದರು. ಅಂದಿನಿಂದ ನನ್ನ ಬಾಟಲಿಗಳನ್ನು ಅವರು ಆ ಪುಟ ನೋಡಿಯೇ ಮಾಡುತ್ತಾರೆ, ರಿಜಿಸ್ಟರಿನಲ್ಲಿ "ಪುಸ್ತಕದಂತೆ" ಎಂದು ಬರೆಯುತ್ತಾರೆ.

ಒಂದು ವರ್ಷದ ಮೇಲೆ, ಆ ಪ್ರೋಟೀನು ಕಂದು ಅಂಶವನ್ನು ಕತ್ತರಿಸುತ್ತದೆಂದು ಅನುಮಾನಕ್ಕೆ ಎಡೆಯಿಲ್ಲದಂತೆ ತೋರಿಸಿದ ಮೇಲೆ, ತಿದ್ದಿಸಿದ ಫಲಕ ಹಿಡಿದು ಅಕ್ಕನ ಮನೆಗೆ ಹೋದೆ. ಎರಡು ಕೋಣೆಯ ಮನೆ. ಪಾತ್ರೆಗಳೆಲ್ಲ ಒಂದೇ ಕಡೆಗೆ ಮುಖ ಮಾಡಿ ಕುಳಿತಿದ್ದವು. ಮೊದಲು ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಂದು ಪುಸ್ತಕದಣ್ಣನ ಎದುರು ಹಾಗೆ ಕೇಳಿದ್ದಕ್ಕೆ.

"ಅದನ್ನ ಆಗ್ಲೇ ಹೊಟ್ಟೆಗೆ ಹಾಕ್ಕೊಂಡಾಯ್ತು ಬಿಡು," ಎಂದರು. "ನೀನು ಕೇಳ್ದೆ ಇದ್ರೆ ನಾನು ಅವರ ಪಕ್ಕ ನಿಲ್ತಾನೇ ಇರಲಿಲ್ಲ. ಈಗ ಹೇಳು, ನಿನ್ನ ನಿರುದ್ಯೋಗಿ ಏನ್ಮಾಡುತ್ತೆ?"

ಹೇಳಿದೆ. ಕಾಯಿಸಿದ ಬ್ರೆಡ್ಡಿನ ಕಂದು ಅಂಚಿನಲ್ಲಿ ಇರುವಂಥದ್ದು, ನಮ್ಮ ಹೊಟ್ಟೆ ಅರಗಿಸಿಕೊಳ್ಳಲಾರದೆ ಕೆಳಗೆ ಕಳಿಸಿದ್ದನ್ನು ಅದು ಕತ್ತರಿಸಿ ಬ್ಯಾಕ್ಟೀರಿಯಾಕ್ಕೆ ಕೊಡುತ್ತದೆ ಎಂದೆ. ಅಕ್ಕನ ಮುಖ ಬದಲಾಯಿತು.

"ಅತ್ತೆಗೆ ನಾಲ್ಕೂವರೆಗೆ ನಾನು ಕೊಡ್ತಿದ್ದದ್ದು ಅದೇ," ಎಂದರು. "ಬ್ರೆಡ್ಡು. ಅಂಚು ಚೆನ್ನಾಗಿ ಕೆಂಪಗಾಗ್ಬೇಕು, ಹಾಲಲ್ಲಿ ಅದ್ದಿ ಕೊಡ್ಬೇಕು. ಬೆಳ್ಳಗಿದ್ರೆ ವಾಪಸ್ ಕಳಿಸೋರು. ಹಾಗಾದ್ರೆ ಅದು ಅವರ ಹೊಟ್ಟೇಲೂ ಇದ್ದಿರ್ಬಹುದಾ?"

"ಇದ್ದಿರಬಹುದು ಅಕ್ಕ. ಹೇಳೋಕಾಗಲ್ಲ."

"ಗೊತ್ತಿಲ್ದೆ ಇರೋದನ್ನ ಹೇಳ್ಬೇಡ," ಎಂದರು, ಆದರೆ ಕಣ್ಣು ಒದ್ದೆಯಾಗಿತ್ತು.

ಫಲಕವನ್ನು ಕೊಟ್ಟೆ. ಅವರು ಮೊದಲು ನೋಡಿದ್ದು ಅಂಕಿಯನ್ನೇ. ಹತ್ತೊಂಬತ್ತು ವರ್ಷ, ಪುಸ್ತಕದಂತೆ. ತಲೆಯಾಡಿಸಿ, ಗೋಡೆಯಲ್ಲಿದ್ದ ಅತ್ತೆಯ ಫೋಟೊದ ಕೆಳಗಿನ ಶೆಲ್ಫಿನಲ್ಲಿ ಇಟ್ಟು, ಸರಿಯಾಗಿ ನಿಂತಿದೆಯೇ ಎಂದು ಎರಡು ಹೆಜ್ಜೆ ಹಿಂದೆ ಬಂದು ನೋಡಿದರು. ಉಳಿದ ಏಳು ವರ್ಷ ಅತ್ತೆಯವರದ್ದು ಅನ್ನಿ ಅಕ್ಕ, ಎಂದೆ ನಾನು, ಅವರಿಗೆ ಸಮಾಧಾನವಾಗಲಿ ಎಂದು.

ಅಕ್ಕ ಫೋಟೊದ ಕಡೆ ನೋಡಿ ಲೆಕ್ಕ ಹಾಕಿದರು.

"ಇಲ್ಲ ಕಣಮ್ಮ. ಮೂರು ಅವರದ್ದು," ಎಂದರು. "ನಾಲ್ಕು ಬರೀ ನನ್ನ ಮರೆವಿಂದು."